ಒಂದು ಲಸಿಕೆ ತಪ್ಪಿದರೆ ಎಲ್ಲಾ ಮೊದಲಿಂದ ಶುರುನಾ? ಕೂಸಿನ ತಾಯಿ ಕಾರ್ಡ್ ಓದೋದು ಹೇಗೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಉಳಿಯಲಿ ಅಂತ ಆಡುಮಾತನ್ನು ಹೆಚ್ಚು ತಿದ್ದಿಲ್ಲ.)

 

ಇವತ್ತಿನ ವಿಷಯ ಮಕ್ಕಳ ಲಸಿಕೆ. "ಮದುವೇನೇ ಆಗಿಲ್ಲ, ನನಗ್ಯಾಕಪ್ಪ ಇದು" ಅಂತ ಮುಂದಿನ ಸಂಚಿಕೆಗೆ ಹೋಗಬ್ಯಾಡ್ರಿ. ನಿಮ್ಮ ಮನೆಯಲ್ಲಿ ಅಕ್ಕ ಇರ್ತಾಳೆ, ಅತ್ತಿಗೆ ಇರ್ತಾಳೆ, ಪಕ್ಕದ ಮನೆಯಲ್ಲಿ ಹಡದಾಕಿ ಒಬ್ಬಳು ಇದ್ದೇ ಇರ್ತಾಳೆ. ಫೋನ್ ಚೆನ್ನಾಗಿ ಬಳಸೋಕೆ ಬರೋದು ನಿಮಗೆ. ಹಾಗಾಗಿ ಈ ಸಂಚಿಕೆಯಲ್ಲಿ ನಿಮಗೂ ಒಂದು ಸಣ್ಣ ಕೆಲಸ ಇದೆ, ಕೊನೆಗೆ ಹೇಳ್ತೀನಿ.

ಮೊದಲು ನಮ್ಮ ಮನೇದೇ ಒಂದು ಸಂಗತಿ.

ನಮ್ಮ ಅಕ್ಕನ ಗಂಡನ ಮನೆ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ. ಭಾವ ಗೌಂಡಿ ಕೆಲಸ ಮಾಡ್ತಾರೆ. ದಸರಾ ಆದ್ಮೇಲೆ ಪುಣೆ ಕಡೆ ದುಡಿಯೋಕೆ ಹೋದರೆ ಬಸವ ಜಯಂತಿ ಹೊತ್ತಿಗೆ ಊರಿಗೆ ಬರೋದು. ಎರಡನೇ ಕೂಸು ಹುಟ್ಟಿದ್ದು ಆಗಸ್ಟ್‌ನಲ್ಲಿ. ಹುಟ್ಟಿದಾಗ ಹಾಕೋ ಲಸಿಕೆ ಹೆರಿಗೆ ಆದ ದವಾಖಾನೆಯಲ್ಲೇ ಆಯ್ತು. ಆರು ವಾರದ್ದು ಊರಲ್ಲೇ ಆಯ್ತು. ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಎಲ್ಲರೂ ಪುಣೆಗೆ. ಬಿಲ್ಡಿಂಗ್ ಸೈಟಿನ ಪಕ್ಕ ತಗಡಿನ ಶೆಡ್. ಅಲ್ಲಿ ಹತ್ತನೇ ವಾರ ಹೋಯ್ತು, ಹದಿನಾಲ್ಕನೇ ವಾರ ಹೋಯ್ತು. ತಾಯಿ ಕಾರ್ಡ್ ಮಾತ್ರ ಊರಿನ ಟ್ರಂಕಿನಲ್ಲಿ ಭದ್ರವಾಗಿತ್ತು.

ವಾಪಸ್ ಬಂದಾಗ ಕೂಸಿಗೆ ಎಂಟು ತಿಂಗಳು ದಾಟಿತ್ತು. ನಾನು ಕೇಳಿದೆ, ಅಕ್ಕ, ಲಸಿಕೆ ಕಥೆ ಏನು ಅಂತ.

"ಇನ್ನ ಹ್ಯಾಂಗ ಹೋಗ್ಲೋ ತಮ್ಮಾ? ಎರಡ ಸಲ ತಪ್ಪೇತಿ. ಹೋದ್ರ ಬೈತಾರ. ಮತ್ತ ಮೊದಲಿಂದ ಚಾಲೂ ಮಾಡ್ತಾರಂತ. ಅಷ್ಟು ಸೂಜಿ ಈ ಕೂಸಿಗಿ ಚುಚ್ಚಸೂದಾ?"

ಇದು ಅಕ್ಕನ ತಲೆಯಲ್ಲಿ ಹುಟ್ಟಿದ ಮಾತಲ್ಲ. ಪಟ್ಟಣದ ಒಂದು ಮಕ್ಕಳ ದವಾಖಾನೆಗೆ ವಿಚಾರಿಸೋಕೆ ಹೋಗಿದ್ದಳಂತೆ. ಡಾಕ್ಟರ್ ಹತ್ರ ಹೋಗೋ ಮೊದಲೇ, ಕೌಂಟರ್‌ನಲ್ಲಿ ಕೂತವರು "ಇಷ್ಟು ತಡ ಆದ್ಮೇಲೆ ಹಳೇದು ಲೆಕ್ಕಕ್ಕಿಲ್ಲ, ಎಲ್ಲಾ ಮೊದಲಿಂದ ಹಾಕಿಸಬೇಕು" ಅಂದರಂತೆ. ಖರ್ಚಿನ ಲೆಕ್ಕ ಕೇಳಿ ಅಕ್ಕ ಹಾಗೇ ಎದ್ದು ಬಂದಿದ್ದಾಳೆ. ಸರ್ಕಾರಿ ಕಡೆ ಹೋಗೋಕೆ ಬೈಗುಳದ ಹೆದರಿಕೆ, ಖಾಸಗಿ ಕಡೆ ಹೋಗೋಕೆ ರೊಕ್ಕದ ಹೆದರಿಕೆ. ನಡುವೆ ಕೂಸು.

ಈ ಸಂಚಿಕೆ ಆ ಒಂದು ತಪ್ಪು ತಿಳಿವಳಿಕೆಯ ಬಗ್ಗೆ. ಉತ್ತರ ಮೊದಲೇ ಹೇಳಿಬಿಡ್ತೀನಿ: ಲಸಿಕೆ ತಪ್ಪಿದರೆ ಮೊದಲಿಂದ ಶುರು ಮಾಡೋದಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸ್ತಾರೆ. ಯಾಕೆ, ಹೇಗೆ ಅನ್ನೋದನ್ನ ಈಗ ಬಿಡಿಸಿ ನೋಡೋಣ.

ಪಿಗ್ಮಿ ಖಾತೆಯ ಲೆಕ್ಕ

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಹಾಗಾಗಿ ನನಗೆ ಅರ್ಥ ಆಗೋದು ಖಾತೆ ಪುಸ್ತಕದ ಭಾಷೆಯಲ್ಲೇ.

ನಮ್ಮ ಕಡೆ ಅಂಗಡಿಯವರು ಪಿಗ್ಮಿ ಕಟ್ತಾರಲ್ಲ, ಎರಡು ತಿಂಗಳು ಕಟ್ಟಲಿಲ್ಲ ಅಂದ್ಕೊಳ್ಳಿ. ಹಿಂದೆ ಕಟ್ಟಿದ ದುಡ್ಡು ಹೋಗಿಬಿಡುತ್ತಾ? ಇಲ್ಲ. ಪಾಸ್‌ಬುಕ್‌ನಲ್ಲಿ ಇದ್ದದ್ದು ಇದ್ದೇ ಇರುತ್ತೆ, ಮುಂದಿನ ಕಂತಿನಿಂದ ಮತ್ತೆ ಕಟ್ಟಿದರಾಯ್ತು. ಲಸಿಕೆಯೂ ಹಾಗೇ. ಮೊದಲ ಡೋಸ್ ಹಾಕಿದಾಗ ಮಗುವಿನ ಮೈ ಆ ರೋಗದ ಗುರುತು ಹಿಡಿಯುತ್ತೆ, ಒಂದಷ್ಟು ಕಣಗಳು ಅದನ್ನ ನೆನಪಿಟ್ಟುಕೊಳ್ತಾವೆ. ಎರಡನೇ ಡೋಸ್ ಬಂದಾಗ ಆ ನೆನಪು ಎದ್ದು ಕೂರುತ್ತೆ, ಮೊದಲಿಗಿಂತ ಜೋರಾಗಿ ಕೆಲಸ ಮಾಡುತ್ತೆ. ಎರಡು ಡೋಸ್ ನಡುವೆ ಒಂದು ತಿಂಗಳ ಬದಲು ಆರು ತಿಂಗಳು ಆಯ್ತು ಅಂತ ಆ ನೆನಪು ಅಳಿಸಿಹೋಗಲ್ಲ.

ಉಲ್ಟಾ ಮಾತ್ರ ಆಗಬಾರದು. ಪೆಂಟಾದಂಥ ಲಸಿಕೆಯ ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ವಾರ ಇರಲೇಬೇಕು. ತಡ ನಡೆಯುತ್ತೆ, ಅವಸರ ನಡೆಯಲ್ಲ.

ಆದರೆ ಪಿಗ್ಮಿ ಹೋಲಿಕೆ ಇಲ್ಲಿಗೆ ಮುಗೀತು. ಪಿಗ್ಮಿ ತಪ್ಪಿದರೆ ಒಂದಿಷ್ಟು ಬಡ್ಡಿ ಹೋಗಬಹುದು. ಲಸಿಕೆ ತಪ್ಪಿದ ಆ ಆರು ತಿಂಗಳು ಕೂಸು ಅರ್ಧ ಕೊಡೆ ಹಿಡಿದು ಮಳೆಯಲ್ಲಿ ನಿಂತ ಹಾಗೆ. ಖಾತೆ ಮುಚ್ಚಲ್ಲ ಅನ್ನೋದು ಸಮಾಧಾನ, ನಿಧಾನಕ್ಕೆ ಕಟ್ಟಿದರಾಯ್ತು ಅನ್ನೋದಕ್ಕೆ ಪರವಾನಗಿ ಅಲ್ಲ.

ಕಾರ್ಡಿನಲ್ಲಿ ಏನೇನಿದೆ

ತಾಯಿ ಕಾರ್ಡ್ ಮನೆಯಲ್ಲಿದ್ದರೆ ತೆಗೆದು ನೋಡ್ರಿ. ಈಗಿನ ಸರ್ಕಾರಿ ಪಟ್ಟಿ ಪ್ರಕಾರ ಹುಟ್ಟಿನಿಂದ ಆರು ವರ್ಷದೊಳಗೆ ಏಳು ಸಲ ಹೋಗಬೇಕು. ಅಷ್ಟೇ. ಒಂದೊಂದಾಗಿ ಹೇಳ್ತೀನಿ.

ಹುಟ್ಟಿದ ಕೂಡಲೇ ಮೂರು: ಕ್ಷಯಕ್ಕೆ ಬಿಸಿಜಿ, ಪೋಲಿಯೋ ಹನಿ, ಕಾಮಾಲೆ ತರೋ ಹೆಪಟೈಟಿಸ್ ಬಿ ಲಸಿಕೆ. ಈ ಹೆಪಟೈಟಿಸ್ ಬಿ ಡೋಸ್ ಹುಟ್ಟಿದ 24 ಗಂಟೆಯೊಳಗೆ ಆಗಬೇಕು. ತಾಯಿಯಿಂದ ಕೂಸಿಗೆ ಈ ಸೋಂಕು ದಾಟೋದು ಹೆಚ್ಚಾಗಿ ಹೆರಿಗೆ ಹೊತ್ತಿನಲ್ಲಿ, ಅದಕ್ಕೇ ಆ ಅವಸರ.

ಆರನೇ ವಾರ: ಪೆಂಟಾ ಒಂದನೇ ಡೋಸ್, ಪೋಲಿಯೋ ಹನಿ, ತೋಳಿಗೆ ಪೋಲಿಯೋ ಸೂಜಿ, ವಾಂತಿ-ಭೇದಿ ತರೋ ರೋಟಾ ವೈರಸ್‌ಗೆ ಬಾಯಿಗೆ ಹಾಕೋ ಲಸಿಕೆ, ನ್ಯುಮೋನಿಯಾ ತಡೆಯೋ ಪಿಸಿವಿ.

ಹತ್ತನೇ ವಾರ: ಪೆಂಟಾ ಎರಡು, ಪೋಲಿಯೋ ಹನಿ, ರೋಟಾ ಎರಡು.

ಹದಿನಾಲ್ಕನೇ ವಾರ: ಪೆಂಟಾ ಮೂರು, ಪೋಲಿಯೋ ಹನಿ, ಪೋಲಿಯೋ ಸೂಜಿ ಎರಡು, ರೋಟಾ ಮೂರು, ಪಿಸಿವಿ ಎರಡು.

ಒಂಬತ್ತು ತಿಂಗಳು ತುಂಬಿದ ಮೇಲೆ: ದಡಾರ-ರುಬೆಲ್ಲಾದ ಎಂಆರ್ ಮೊದಲ ಡೋಸ್, ಪಿಸಿವಿ ಬೂಸ್ಟರ್, ಪೋಲಿಯೋ ಸೂಜಿ ಮೂರು, ವಿಟಮಿನ್ ಎ. ಈ ಮೂರನೇ ಪೋಲಿಯೋ ಸೂಜಿ ಸೇರಿದ್ದು 2023ರ ಜನವರಿಯಲ್ಲಿ. ದೊಡ್ಡ ಮಗುವಿನ ಹಳೇ ಕಾರ್ಡಿನಲ್ಲಿ ಅದು ಕಾಣದಿದ್ದರೆ ಗಾಬರಿ ಬೇಡ. ಮೆದುಳು ಜ್ವರ ಕಾಣಿಸೋ ಜಿಲ್ಲೆಗಳಲ್ಲಿ ಅದರ ಲಸಿಕೆಯನ್ನೂ ಆಗಲೇ ಕೊಡ್ತಾರೆ.

ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ: ಎಂಆರ್ ಎರಡು, ಡಿಪಿಟಿ ಬೂಸ್ಟರ್, ಪೋಲಿಯೋ ಹನಿ. ಕೊನೆಗೆ ಐದರಿಂದ ಆರು ವರ್ಷಕ್ಕೆ ಇನ್ನೊಂದು ಡಿಪಿಟಿ ಬೂಸ್ಟರ್. ಆಮೇಲೆ ಹತ್ತು ಮತ್ತು ಹದಿನಾರು ವರ್ಷಕ್ಕೆ ಟಿಡಿ.

ಪೆಂಟಾ ಅಂದರೆ ಐದು. ಒಂದೇ ಸೂಜಿಯಲ್ಲಿ ಐದು ರೋಗಕ್ಕೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಮತ್ತೆ ಮೆದುಳಿನ ಪೊರೆಗೂ ಶ್ವಾಸಕೋಶಕ್ಕೂ ಸೋಂಕು ತರೋ ಹಿಬ್ ಅನ್ನೋ ಬ್ಯಾಕ್ಟೀರಿಯಾ. ಒಂದು ಸಲ ಪೆಂಟಾ ತಪ್ಪಿತು ಅಂದರೆ ಐದು ಬಾಗಿಲು ಅರ್ಧ ತೆರೆದಿಟ್ಟ ಹಾಗೆ.

"ಆರು ವಾರ ಯಾಕೆ, ಒಂಬತ್ತು ತಿಂಗಳು ಯಾಕೆ, ಎಲ್ಲಾ ಒಂದೇ ಸಲ ಹಾಕಿದ್ರೆ ಆಗಲ್ವಾ?" ಅಂತ ಕೇಳೋರಿದ್ದಾರೆ. ಒಳ್ಳೇ ಪ್ರಶ್ನೆ. ತಾಯಿ ಹೊಟ್ಟೆಯಲ್ಲಿದ್ದಾಗಲೇ ಕೂಸಿಗೆ ಒಂದಷ್ಟು ರಕ್ಷಣೆ ಸಿಕ್ಕಿರುತ್ತೆ. ದಡಾರದ ವಿಷಯದಲ್ಲಿ, ತಾಯಿಯಿಂದ ಬಂದ ಆ ಶಕ್ತಿ ಇನ್ನೂ ಮೈಯಲ್ಲಿರುವಾಗ ಲಸಿಕೆ ಹಾಕಿದರೆ ಅದು ಲಸಿಕೆಯನ್ನೇ ಹೊಡೆದುಹಾಕುತ್ತೆ. ತೀರಾ ತಡ ಮಾಡಿದರೆ ಕೂಸು ಕಾಯಿಲೆಗೆ ಸಿಗುತ್ತೆ. ಅದಕ್ಕೆ ನಡುವಿನ ಲೆಕ್ಕ ಒಂಬತ್ತು ತಿಂಗಳು. ಆ ವಯಸ್ಸಿನಲ್ಲಿ ಹಾಕಿದ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ನಾಟುತ್ತೆ. ಉಳಿದ 15 ಮಕ್ಕಳಿಗೋಸ್ಕರ ಎರಡನೇ ಡೋಸ್. ಅದನ್ನ "ಎಕ್ಸ್‌ಟ್ರಾ" ಅಂತ ಬಿಡೋ ಹಾಗಿಲ್ಲ, ಯಾಕಂದರೆ ನಿಮ್ಮ ಕೂಸು ಆ 85ರಲ್ಲಿದೆಯೋ 15ರಲ್ಲಿದೆಯೋ ನೋಡಿದರೆ ತಿಳಿಯಲ್ಲ.

ತಪ್ಪಿದ ಮೇಲೆ ಯಾವುದಕ್ಕೆ ಎಲ್ಲಿವರೆಗೆ ಅವಕಾಶ

ಎಲ್ಲಾ ಲಸಿಕೆಗೂ ಒಂದೇ ಗಡುವು ಇಲ್ಲ. ಸರ್ಕಾರಿ ಕಾರ್ಯಕ್ರಮದ ನಿಯಮ ಹೀಗಿದೆ.

ಬಿಸಿಜಿ ಹುಟ್ಟಿದಾಗ ತಪ್ಪಿದರೆ ಒಂದು ವರ್ಷ ತುಂಬೋವರೆಗೆ ಹಾಕಬಹುದು. ಪೋಲಿಯೋ ಹನಿಗೆ ಐದು ವರ್ಷದವರೆಗೆ ಅವಕಾಶ. ಪೆಂಟಾ, ರೋಟಾ, ಪಿಸಿವಿ, ಈ ಮೂರಕ್ಕೆ ಒಂದು ಸೂತ್ರ ನೆನಪಿಟ್ಟುಕೊಳ್ರಿ: ಮೊದಲ ಡೋಸ್ ಒಂದು ವರ್ಷದೊಳಗೆ ಬಿದ್ದಿದ್ದರೆ, ಉಳಿದದ್ದನ್ನ ತಡವಾಗಿಯಾದರೂ ಮುಗಿಸಬಹುದು. ಒಂದು ವರ್ಷ ದಾಟಿದರೂ ಒಂದೂ ಪೆಂಟಾ ಆಗಿಲ್ಲದ ಮಗುವಿಗೆ ಡಿಪಿಟಿ ಕೊಡ್ತಾರೆ, ಅದನ್ನ ಏಳು ವರ್ಷದವರೆಗೆ ಹಾಕಬಹುದು. ಎಂಆರ್ ಐದು ವರ್ಷದವರೆಗೆ.

ಅಂದರೆ "ಇನ್ನೇನು ವಯಸ್ಸು ಮೀರಿತು" ಅಂತ ಮನೆಯಲ್ಲಿ ಕೂತು ನಾವೇ ತೀರ್ಮಾನ ಮಾಡೋ ಹಾಗಿಲ್ಲ. ಕಾರ್ಡ್ ಒಯ್ದು ತೋರಿಸಿದರೆ ನರ್ಸಬಾಯಿ ಒಂದೇ ನಿಮಿಷದಲ್ಲಿ ಹೇಳ್ತಾರೆ, ಯಾವುದು ಬಾಕಿ, ಯಾವುದು ಇವತ್ತು ಅಂತ. ಒಂದೇ ದಿನ ಎರಡು-ಮೂರು ಸೂಜಿ ಬೇರೆ ಬೇರೆ ಜಾಗಕ್ಕೆ ಹಾಕಿದರೆ ಅಪಾಯ ಇಲ್ಲ.

ಕಾರ್ಡೇ ಕಳೆದುಹೋಗಿದ್ದರೆ? ಆಶಾ ಕಾರ್ಯಕರ್ತೆ, ಉಪಕೇಂದ್ರದ ರಿಜಿಸ್ಟರ್, ಹೆರಿಗೆ ಆದ ಆಸ್ಪತ್ರೆ, ಈ ಮೂರು ಕಡೆ ದಾಖಲೆ ಹುಡುಕಿಸಬಹುದು. ಕಾರ್ಡ್ ಇಲ್ಲ ಅಂತ ಲಸಿಕೆ ನಿಲ್ಲಿಸೋದು ಬೇಡ.

ನಮ್ಮ ನಾಲ್ಕು ತಾಲ್ಲೂಕಿಗೆ ಇದು ಯಾಕೆ ದೊಡ್ಡ ವಿಷಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇವುಗಳಿಂದ ಈಗ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಅಂತ ಹೊಸ ತಾಲ್ಲೂಕುಗಳೂ ಆಗಿವೆ. ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ, ಆಲಮಟ್ಟಿಯಲ್ಲಿ ಅಷ್ಟು ದೊಡ್ಡ ಡ್ಯಾಂ. ಆದರೂ ನಡುವಿನ ಒಣ ಬೇಸಾಯದ ಊರುಗಳಿಂದ, ತಾಂಡಾಗಳಿಂದ ಪ್ರತಿ ವರ್ಷ ಜನ ದುಡಿಯೋಕೆ ಹೊರಗೆ ಹೋಗ್ತಾರೆ. ಕಬ್ಬು ಕಡಿಯೋಕೆ, ಇಟ್ಟಂಗಿ ಭಟ್ಟಿಗೆ, ಗೌಂಡಿ ಕೆಲಸಕ್ಕೆ. ಗೋವಾ, ಸಾಂಗ್ಲಿ, ಪುಣೆ, ಮುಂಬೈ, ಮಂಗಳೂರು, ಬೆಂಗಳೂರು.

ಈಗ ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಡ್ರಿ. ಗುಳೆ ಹೋಗೋದು ಸುಗ್ಗಿ ಕೆಲಸ ನೋಡಿಕೊಂಡು, ಐದಾರು ತಿಂಗಳು. ಲಸಿಕೆ ಹೆಚ್ಚು ಬೀಳೋದು ಮೊದಲ ಒಂಬತ್ತು ತಿಂಗಳಲ್ಲಿ. ಮಳೆಗಾಲದಲ್ಲಿ ಹುಟ್ಟಿದ ಕೂಸಿಗೆ ಈ ಎರಡೂ ಒಂದರ ಮೇಲೊಂದು ಬೀಳುತ್ತೆ. ಹುಟ್ಟಿದಾಗಿನದ್ದು ಆಗುತ್ತೆ, ಮೊದಲ ಪೆಂಟಾ ಆಗುತ್ತೆ, ಆಮೇಲೆ ದಾರಿ ತಪ್ಪುತ್ತೆ. ಆರೋಗ್ಯ ಇಲಾಖೆಯವರು ಇದನ್ನ ಡ್ರಾಪ್‌ಔಟ್ ಅಂತ ಅಳೀತಾರೆ: ಮೊದಲ ಪೆಂಟಾಕ್ಕೆ ಬಂದವರಲ್ಲಿ ಎಷ್ಟು ಮಕ್ಕಳು ಮೂರನೇ ಪೆಂಟಾಕ್ಕೆ ಬರಲಿಲ್ಲ ಅನ್ನೋ ಲೆಕ್ಕ. ಇವರು ಲಸಿಕೆ ಬೇಡ ಅಂದವರಲ್ಲ. ಒಂದು ಸಲ ನಂಬಿ ಬಂದವರು. ಬಾಗಿಲವರೆಗೆ ಬಂದು ಕೈತಪ್ಪಿದವರು.

ರಾಜ್ಯದ ಲೆಕ್ಕ ಸುಧಾರಿಸಿದೆ, ಅದನ್ನೂ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಪೂರ್ತಿ ಲಸಿಕೆ ಆದವರು 2015-16ರಲ್ಲಿ ಶೇಕಡಾ 62.6 ಇದ್ದದ್ದು, 2019-21ರ ಸಮೀಕ್ಷೆಯಲ್ಲಿ 84.1ಕ್ಕೆ ಏರಿದೆ. ದೇಶದ ಸರಾಸರಿ 76.4. ಖುಷಿ ವಿಷಯವೇ. ಆದರೆ ದಡಾರ ಹರಡೋದನ್ನ ನಿಲ್ಲಿಸಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಈ ವ್ಯತ್ಯಾಸದಲ್ಲಿ ಕೂತಿರೋ ಮಕ್ಕಳು ಎಲ್ಲಾ ಕಡೆ ಸಮನಾಗಿ ಹಂಚಿಹೋಗಿರಲ್ಲ. ಒಂದೇ ತಾಂಡಾದಲ್ಲಿ, ಒಂದೇ ಭಟ್ಟಿಯ ಶೆಡ್ಡುಗಳಲ್ಲಿ ಗುಂಪಾಗಿ ಇರ್ತಾರೆ. ರೋಗ ಹುಡುಕೋದು ಅಂಥ ಗುಂಪನ್ನೇ.

ಗಂಟಲುಮಾರಿ ಹಳೇ ಕಾಲದ ಕಾಯಿಲೆ, ಈಗೆಲ್ಲಿ ಅಂತೀರಾ? ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಮತ್ತೆ ತಲೆ ಎತ್ತಿದೆ ಅಂತ ಬೆಳಗಾವಿಯ ವೈದ್ಯರು 2017ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತೆ, ಕುತ್ತಿಗೆ ಊದಿಕೊಳ್ಳುತ್ತೆ, ಉಸಿರು ಸಿಕ್ಕಿಕೊಳ್ಳುತ್ತೆ. ಅದರ ವಿಷ ರಕ್ತಕ್ಕೆ ಸೇರಿದರೆ ಹೃದಯಕ್ಕೇ ಹೊಡೆತ. ಇದಕ್ಕೆ ಬೇಕಾದ ಪ್ರತಿವಿಷದ ಔಷಧ ಎಲ್ಲಾ ದವಾಖಾನೆಯಲ್ಲೂ ಇರಲ್ಲ, ಕೊಡೋದು ತಡ ಆದಷ್ಟೂ ಅದರ ಉಪಯೋಗ ಕಡಿಮೆ. ಮುದ್ದೇಬಿಹಾಳದ ಹಳ್ಳಿಯಿಂದ ವಿಜಯಪುರಕ್ಕೆ ಹೋಗೋದೇ ಎಷ್ಟು ಹೊತ್ತು ಅಂತ ನಿಮಗೆ ಗೊತ್ತು. ಆ ಪೂರಾ ದಾರಿಯ ಓಡಾಟ ಉಳಿಸೋದು ಮೂರು ಪೆಂಟಾ, ಎರಡು ಬೂಸ್ಟರ್.

ದಡಾರಕ್ಕೆ ನಮ್ಮ ಕಡೆ ಗೊಬ್ಬರ ಅಂತಾರೆ. "ಎಲ್ಲಾ ಮಕ್ಕಳಿಗೂ ಬರೂದ, ತಾನ ಹೋಗ್ತೈತಿ" ಅನ್ನೋ ಮಾತೂ ಇದೆ. ಹೋಗುತ್ತೆ, ಹೌದು. ಆದರೆ ಕೆಲವು ಮಕ್ಕಳಲ್ಲಿ ನ್ಯುಮೋನಿಯಾ ಬಿಟ್ಟು ಹೋಗುತ್ತೆ, ಕಣ್ಣಿಗೆ ತೊಂದರೆ ಮಾಡುತ್ತೆ, ಬೇರೆ ರೋಗಗಳ ವಿರುದ್ಧ ಮೈ ಗಳಿಸಿದ್ದ ಶಕ್ತಿಯನ್ನೂ ಅಳಿಸುತ್ತೆ.

ಸರ್ಕಾರಿ ಕಡೆಯೋ, ಖಾಸಗಿ ಮಕ್ಕಳ ಆಸ್ಪತ್ರೆಯೋ

ಈಗ ರೊಕ್ಕದ ಮಾತು. ಬಿ.ಕಾಂ ಓದಿದವನಿಗೆ ಇದು ಇಷ್ಟದ ಭಾಗ.

ಮೇಲೆ ಹೇಳಿದ ಪಟ್ಟಿಯ ಎಲ್ಲಾ ಲಸಿಕೆ ಸರ್ಕಾರಿ ಕಡೆ ಪೂರ್ತಿ ಉಚಿತ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಅಂಗನವಾಡಿಯಲ್ಲಿ ನಡೆಯೋ ಲಸಿಕಾ ದಿನ, ಎಲ್ಲಿ ಹಾಕಿಸಿದರೂ ಅದೇ ಲಸಿಕೆ. ಒಂದು ಕಾಲದಲ್ಲಿ ಪಿಸಿವಿ ಅಂದರೆ ಖಾಸಗಿಯಲ್ಲಿ ಸಾವಿರಗಟ್ಟಲೆ ಖರ್ಚು. 2021ರಿಂದ ದೇಶದ ಎಲ್ಲಾ ಕಡೆ ಅದು ಸರ್ಕಾರಿ ಪಟ್ಟಿಗೆ ಬಂದಿದೆ. ರೋಟಾ ಲಸಿಕೆ 2019ರಲ್ಲಿ.

ಹಾಗಾದರೆ ಖಾಸಗಿ ಮಕ್ಕಳ ಆಸ್ಪತ್ರೆಗೆ ಯಾಕೆ ಹೋಗ್ತಾರೆ? ಕಾರಣಗಳು ಸುಳ್ಳಲ್ಲ. ದಿನ ಕಾಯೋ ಹಾಗಿಲ್ಲ, ಸಂಜೆ ಹೊತ್ತಲ್ಲೂ ಹಾಕ್ತಾರೆ, ಮಕ್ಕಳ ಡಾಕ್ಟರ್ ಕೂಸಿನ ತೂಕ-ಬೆಳವಣಿಗೆ ನೋಡ್ತಾರೆ. ಸರ್ಕಾರಿ ಪಟ್ಟಿಯಲ್ಲಿಲ್ಲದ ಕೆಲವು ಲಸಿಕೆ ಅಲ್ಲಿ ಸಿಗುತ್ತೆ: ಟೈಫಾಯ್ಡ್, ಸೀತಾಳೆ ಸಿಡುಬು, ಹೆಪಟೈಟಿಸ್ ಎ, ಫ್ಲೂ, ಮತ್ತೆ ಮಂಗಬಾವು ಸೇರಿಸಿದ ಎಂಎಂಆರ್. ಶಕ್ತಿ ಇದ್ದವರು ಡಾಕ್ಟರ್ ಹತ್ರ ಮಾತಾಡಿ ಹಾಕಿಸಬಹುದು. ಶಕ್ತಿ ಇಲ್ಲದವರು ಮೊದಲು ಉಚಿತ ಪಟ್ಟಿಯನ್ನ ಪೂರ್ತಿ ಮುಗಿಸ್ರಿ. ಸಾಲ ಮಾಡಿ ಒಂದು ದುಬಾರಿ ಲಸಿಕೆ ಹಾಕಿಸಿ, ರೊಕ್ಕ ಸಾಲದೆ ಮೂರನೇ ಪೆಂಟಾ ಬಿಡೋದು ತಪ್ಪು ಲೆಕ್ಕ.

"ನೋವಿಲ್ಲದ ಸೂಜಿ" ಬಗ್ಗೆ ಎಲ್ಲರೂ ಕೇಳ್ತಾರೆ. ಅದರಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನ ಇಡಿಯಾಗಿ ಬಳಸಲ್ಲ, ಅದರ ಕೆಲವು ತುಣುಕು ಮಾತ್ರ ಬಳಸ್ತಾರೆ. ಹಾಗಾಗಿ ಜ್ವರ, ಊತ ಕಡಿಮೆ. ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಸರ್ಕಾರಿ ಪೆಂಟಾದಷ್ಟು ದೀರ್ಘ ಕಾಲ ನಿಲ್ಲಲ್ಲ. ಅಂದರೆ ನೀವು ಹೆಚ್ಚಿನ ರೊಕ್ಕ ಕೊಡೋದು ಕಡಿಮೆ ಜ್ವರಕ್ಕೆ, ಹೆಚ್ಚಿನ ರಕ್ಷಣೆಗಲ್ಲ. ಇದು ತಿಳಿದು ಆಯ್ಕೆ ಮಾಡ್ರಿ.

ಖಾಸಗಿಯಲ್ಲಿ ಹಾಕಿಸೋದಾದರೆ ಮೂರು ಮಾತು. ಒಂದು, ಡಬ್ಬಿ ಮೇಲಿನ ಎಂಆರ್‌ಪಿ ಮತ್ತು ಅವಧಿ ನೋಡ್ರಿ, ಬಿಲ್ ಕೇಳ್ರಿ. ಎರಡು, ಅವರ ಫೈಲ್ ಬೇರೆ ಇದ್ದರೂ ತಾಯಿ ಕಾರ್ಡಿನಲ್ಲೂ ಬರೆಸ್ರಿ. ಮೂರು, ಒಂದು ಡೋಸ್ ಖಾಸಗಿಯಲ್ಲಿ, ಮುಂದಿನದ್ದು ಸರ್ಕಾರಿಯಲ್ಲಿ ಹಾಕಿಸಬಹುದು. ಅದಕ್ಕೂ ಮೊದಲಿಂದ ಶುರು ಮಾಡೋ ಅಗತ್ಯ ಇಲ್ಲ. ಏನು ಹಾಕಿದ್ದಾರೆ ಅನ್ನೋದು ಕಾರ್ಡಿನಲ್ಲಿದ್ದರೆ ಸಾಕು.

"ಗುರುವಾರ ಬಾ" ಅಂತಾರೆ, ಯಾಕೆ?

ಹಳ್ಳಿಯಲ್ಲಿ ಬೇರೆ ದಿನ ಹೋದರೆ "ಗುರುವಾರ ಬರ್ರಿ" ಅಂತಾರೆ. ಕೂಲಿ ಬಿಟ್ಟು ಬಂದವರಿಗೆ ಸಿಟ್ಟು ಬರೋದು ಸಹಜ. ಕಾರಣ ಇದು. ಲಸಿಕೆಯನ್ನ ತಯಾರಾದ ದಿನದಿಂದ ಕೂಸಿನ ತೋಳಿನವರೆಗೆ 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಆರೋಗ್ಯ ಕೇಂದ್ರದ ಫ್ರಿಜ್‌ನಿಂದ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಅವತ್ತಿನ ಮಟ್ಟಿಗೆ ಮಾತ್ರ ಅದನ್ನ ಹಳ್ಳಿಗೆ ತರ್ತಾರೆ. ಬಿಸಿಜಿ, ಎಂಆರ್ ಎರಡೂ ಪುಡಿ ರೂಪದಲ್ಲಿರುತ್ತೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನ ಚೆಲ್ಲಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗೋಷ್ಟು ಇರುತ್ತೆ. ಅದಕ್ಕೇ ಮಕ್ಕಳನ್ನ ಒಂದು ದಿನ ಸೇರಿಸೋದು.

ಇನ್ನೊಂದು ಸಂಗತಿ ನೀವೇ ಕಣ್ಣಾರೆ ನೋಡಬಹುದು. ಲಸಿಕೆ ಬಾಟಲಿ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ಬಿಳಿ ಚೌಕ ಇರುತ್ತೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗ್ತಾ ಹೋಗುತ್ತೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡೂ ಒಂದೇ ಬಣ್ಣ ಆಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಬಳಸೋ ಹಾಗಿಲ್ಲ. ಕೇಳಿದರೆ ತೋರಿಸ್ತಾರೆ, ಕೇಳೋದು ತಪ್ಪಲ್ಲ.

ಜ್ವರ ಬಂದರೆ, ನೆಗಡಿ ಇದ್ದರೆ

ಸಣ್ಣ ನೆಗಡಿ, ಕೆಮ್ಮು, ಸ್ವಲ್ಪ ಭೇದಿ ಇದ್ದರೆ ಲಸಿಕೆ ಮುಂದೂಡೋ ಅಗತ್ಯ ಇಲ್ಲ. ಹಿಂದಿನ ಡೋಸ್ ಆದಾಗ ಕೂಸಿಗೆ ಪಿಟ್ಸ್ ಬಂದಿದ್ದರೆ, ಮೈಯೆಲ್ಲಾ ಊದಿ ಉಸಿರು ಕಟ್ಟಿದ್ದರೆ ಅದನ್ನ ಮಾತ್ರ ಮೊದಲೇ ಹೇಳಬೇಕು.

ಲಸಿಕೆ ಆದ್ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರ್ರಿ. ಪೆಂಟಾ ಆದ ರಾತ್ರಿ ಜ್ವರ, ತೊಡೆ ಮೇಲೆ ಸಣ್ಣ ಗಂಟು ಸಾಮಾನ್ಯ. ನರ್ಸ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ತಣ್ಣೀರು ಬಟ್ಟೆ, ಎದೆಹಾಲು, ಇಷ್ಟು ಸಾಕು. ತಿಕ್ಕೋದು, ಅರಿಶಿನ ಹಚ್ಚೋದು ಬೇಡ. ಬಿಸಿಜಿ ಹಾಕಿದ ತೋಳಲ್ಲಿ ಕೆಲವು ವಾರದ ಮೇಲೆ ಗುಳ್ಳೆ ಎದ್ದು ಕಲೆ ಆಗೋದೂ ಸಹಜ, ಅದಕ್ಕೂ ಏನೂ ಹಚ್ಚಬ್ಯಾಡ್ರಿ. ಮೂರು ಗಂಟೆಗಿಂತ ಹೆಚ್ಚು ನಿಲ್ಲದ ಅಳು, ಇಳಿಯದ ಜೋರು ಜ್ವರ, ಪಿಟ್ಸ್, ಮಂಕು ಬಡಿದ ಹಾಗೆ ಮಲಗೋದು, ಇವು ಕಂಡರೆ ತಡ ಮಾಡದೆ ಆಸ್ಪತ್ರೆಗೆ.

ಇದನ್ನ ಮೊದಲೇ ಹೇಳದಿದ್ದರೆ ಏನಾಗುತ್ತೆ? ತಾಯಿ ರಾತ್ರಿಯಿಡೀ ಹೆದರ್ತಾಳೆ, ಅತ್ತೆ "ಬ್ಯಾಡಂದ್ರ ಕೇಳಲಿಲ್ಲ" ಅಂತಾಳೆ, ಮುಂದಿನ ಡೋಸ್ ಅಲ್ಲಿಗೇ ನಿಲ್ಲುತ್ತೆ. ಅದರ ಮೇಲೆ ವಾಟ್ಸಾಪ್. 2017ರ ಫೆಬ್ರವರಿಯಲ್ಲಿ ಎಂಆರ್ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ಐದು ಕಡೆಗಳಲ್ಲಿ ಕರ್ನಾಟಕವೂ ಒಂದು. ನನ್ನ ತಮ್ಮ ಆಗ ಎಂಟನೇ ಕ್ಲಾಸ್. ಶಾಲೆಯಲ್ಲಿ ಸೂಜಿ ಹಾಕ್ತಾರೆ ಅನ್ನೋ ಹಿಂದಿನ ದಿನ ಬಂದ ಫಾರ್ವರ್ಡ್ ಓದಿ ಮನೆಯಲ್ಲಿ ಎಲ್ಲರೂ ಗಾಬರಿ. ನಾನೂ ಅದನ್ನ ಇಬ್ಬರಿಗೆ ಕಳಿಸಿದ್ದೆ ಅನ್ನೋದು ಈಗ ನೆನೆದರೆ ನಾಚಿಕೆ ಆಗುತ್ತೆ. ತಮ್ಮ ಸೂಜಿ ಹಾಕಿಸ್ಕೊಂಡ, ಸಂಜೆ ಕ್ರಿಕೆಟ್ ಆಡೋಕೆ ಹೋದ.

ನಿಮ್ಮ ಕೆಲಸ

ಈಗ ಮೊದಲಿಗೆ ಹೇಳಿದ ಆ ಸಣ್ಣ ಕೆಲಸ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ತಾಯಿ ಕಾರ್ಡಿನ ಲಸಿಕೆ ಪುಟದ ಫೋಟೋ ತೆಗೀರಿ. ಅಪ್ಪ, ಅವ್ವ, ನೀವು, ಮೂರು ಫೋನಿನಲ್ಲಿ ಇರಲಿ. ಟ್ರಂಕಿನಲ್ಲಿರೋ ಕಾರ್ಡ್ ಪುಣೆಯಲ್ಲಿ ಕೆಲಸಕ್ಕೆ ಬರಲ್ಲ, ಫೋಟೋ ಬರುತ್ತೆ. ಗುಳೆ ಹೋಗೋರಿಗೆ ಮೂಲ ಕಾರ್ಡನ್ನೇ ರೇಷನ್ ಕಾರ್ಡ್ ಜೊತೆ ಕಟ್ಟಿಕೊಡ್ರಿ. ಗೋವಾದಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ, ಯಾವುದೇ ಸರ್ಕಾರಿ ಕೇಂದ್ರದಲ್ಲಿ ಇದೇ ಲಸಿಕೆ ಉಚಿತ.

ಎರಡನೇದು ಯು-ವಿನ್. ಕೋವಿಡ್ ಹೊತ್ತಲ್ಲಿ ಕೋವಿನ್ ಇತ್ತಲ್ಲ, ಹಾಗೇ ತಾಯಿ-ಮಕ್ಕಳ ಲಸಿಕೆಗೆ ಇದು. 2024ರ ಅಕ್ಟೋಬರ್‌ನಲ್ಲಿ ದೇಶಕ್ಕೆಲ್ಲಾ ತೆರೆದುಕೊಂಡಿತು. ಕೂಸಿನ ಹೆಸರು ನೋಂದಾಯಿಸಿದರೆ ಯಾವ ಡೋಸ್ ಆಯ್ತು, ಮುಂದಿನದ್ದು ಯಾವಾಗ ಅನ್ನೋದು ಫೋನಿಗೇ ಬರುತ್ತೆ. ಊರು ಬದಲಾದರೂ ದಾಖಲೆ ಜೊತೆಗೇ ಇರುತ್ತೆ. ಒಂದು ಎಚ್ಚರ: ನಂಬರ್ ಕೊಡೋವಾಗ ಬದಲಾಗದ ನಂಬರ್ ಕೊಡ್ರಿ. ದುಡಿಯೋಕೆ ಹೋದಲ್ಲಿ ಹೊಸ ಸಿಮ್ ಹಾಕ್ಕೊಂಡರೆ ನೆನಪಿನ ಮೆಸೇಜ್ ಹಳೇ ನಂಬರಿಗೆ ಹೋಗಿ ಸುಮ್ಮನೆ ಬಿದ್ದಿರುತ್ತೆ.

ಅಕ್ಕನ ಕಥೆ ಮುಗಿಸಿಬಿಡ್ತೀನಿ. ಆ ಗುರುವಾರ ನಾನೂ ಜೊತೆಗೆ ಹೋದೆ. ಅಂಗನವಾಡಿ ಮುಂದೆ ಏಳೆಂಟು ಜನ ತಾಯಂದಿರು. ನರ್ಸಬಾಯಿ ಕಾರ್ಡ್ ನೋಡಿದರು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು.

"ಯಾಕವ್ವಾ ಇಷ್ಟು ತಡಾ ಮಾಡಿದಿ?"

"ದುಡಿಯಾಕ ಹೋಗಿದ್ವಿರಿ."

"ಇರ್ಲಿ, ಈಗರ ಬಂದಿಯಲ್ಲ. ಒಂದನೇದು ಆಗೇತಿ. ಇವತ್ತ ಎರಡನೇದು. ಮುಂದಿನ ತಿಂಗಳ ಮೂರನೇದು, ಅವಾಗ ಒಂಬತ್ತ ತಿಂಗಳೂ ತುಂಬಿರ್ತೈತಿ, ಗೊಬ್ಬರದ ಸೂಜೀನೂ ಮಾಡೂಣು."

ಇಷ್ಟೇ. ಬೈಗುಳ ಇಲ್ಲ, ಮೊದಲಿಂದ ಇಲ್ಲ, ಒಂದು ರೂಪಾಯಿ ಇಲ್ಲ. ಕೂಸು ಎರಡು ನಿಮಿಷ ಅತ್ತು ಅವ್ವನ ಸೆರಗು ಹಿಡಿದು ಸುಮ್ಮನಾಯ್ತು. ದಾರಿಯಲ್ಲಿ ಅಕ್ಕ ಒಂದೇ ಮಾತು ಅಂದಳು: "ಇಷ್ಟ ಗೊತ್ತಿದ್ರ ಬಂದ ದಿನಾನ ಬರ್ತಿದ್ನೆಲ್ಲೋ."

ಹೇಳೋರು ಯಾರೂ ಇರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ಈಗ ನಿಮಗೆ ಗೊತ್ತಿದೆ. ಈ ಸಂಚಿಕೆಯನ್ನ ಆಮೇಲೆ ಬೇಕಾದರೆ ಶೇರ್ ಮಾಡ್ರಿ, ಮೊದಲು ಆ ಕಾರ್ಡ್ ತೆಗೆದು ನೋಡ್ರಿ. ಖಾಲಿ ಮನೆ ಕಂಡರೆ ಮುಂದಿನ ಗುರುವಾರ ಕರ್ಕೊಂಡು ಹೋಗ್ರಿ.

ಮುಂದಿನ ವಾರ ಸಿಗೋಣ. ಶರಣ್ರಿ.